ಮನೋರೋಗಿಯನ್ನು ಕುಲದಿಂದ ಅಳೆದ ಕಾಲ

ಸೂರಃ ಅಲ್‌ಹುಜುರಾತ್‌ನ 13ನೇ ಸೂಕ್ತದ ಕುರಿತು ಈ ತಿಂಗಳ ಒಂದು ಜುಮಾದಲ್ಲಿ ಮಾತನಾಡಿದ್ದೆವು. ಅಲ್ಲಾಹನು ಮನುಷ್ಯರನ್ನು ಜನಾಂಗಗಳಾಗಿ, ಗೋತ್ರಗಳಾಗಿ ಮಾಡಿದ್ದು ಒಬ್ಬರನ್ನೊಬ್ಬರು ಅರಿಯುವುದಕ್ಕಾಗಿ. ಅವನ ಬಳಿ ಗೌರವ ಕುಲಕ್ಕಲ್ಲ, ತಕ್ವಾಕ್ಕೆ ಎಂಬುದು ಅದರ ಸಾರ. ನಮಾಝ್ ಮುಗಿದ ಮೇಲೆ ಕೆಲವು ಯುವಕರು ಕೇಳಿದರು: "ಉಸ್ತಾದರೇ, ಈ ಬಣ್ಣ, ಕುಲದ ಭೇದ ಆಸ್ಪತ್ರೆಯೊಳಗೂ ಇತ್ತೇ?"

ಇತ್ತು. ಮನಸ್ಸಿನ ಕಾಯಿಲೆಯ ವಿಷಯದಲ್ಲಂತೂ ಬಹಳವಾಗಿಯೇ ಇತ್ತು. ಜ್ವರ ಅಳೆಯಲು ಥರ್ಮಾಮೀಟರ್ ಇದೆ, ಸಕ್ಕರೆ ಕಾಯಿಲೆಗೆ ರಕ್ತ ಪರೀಕ್ಷೆ ಇದೆ. ಮನಸ್ಸಿನ ಕಾಯಿಲೆಯನ್ನು ಗುರುತಿಸಬೇಕಾದರೆ ವೈದ್ಯರು ಮುಖ್ಯವಾಗಿ ರೋಗಿಯ ಮಾತು ಕೇಳಬೇಕು, ಅವನ ನಡವಳಿಕೆ ನೋಡಬೇಕು. ಮಾತು ಅರ್ಥವಾಗದೆ, ಅವನ ಜನರ ಬಗ್ಗೆ ಮೊದಲೇ ಒಂದು ಕೆಟ್ಟ ಅಭಿಪ್ರಾಯವಿದ್ದರೆ, ಆ ಅಭಿಪ್ರಾಯವೇ ರೋಗದ ಹೆಸರಾಗಿಬಿಡುತ್ತದೆ. ಇದು ಹೇಗೆ ನಡೆಯಿತು ಎಂಬುದನ್ನು ನಾವು ತಿಳಿದಿರಬೇಕು, ಏಕೆಂದರೆ ಅದೇ ತಪ್ಪು ಇಂದು ನಮ್ಮ ಮೊಹಲ್ಲಾಗಳಲ್ಲೂ ನಡೆಯಬಹುದು.

ಬಿಳಿಯರಿಗೊಂದು, ಕರಿಯರಿಗೊಂದು

1851ರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಎಂಬ ವೈದ್ಯ ಒಂದು ಹೊಸ ರೋಗವನ್ನು ಪ್ರಕಟಿಸಿದ. ಅದಕ್ಕೆ ಅವನು ಇಟ್ಟ ಹೆಸರು ಡ್ರೇಪಟೊಮೇನಿಯಾ. ಕರಿಯ ಗುಲಾಮರು ಯಜಮಾನನ ಬಳಿಯಿಂದ ಓಡಿಹೋಗುವುದು ಒಂದು ಮಾನಸಿಕ ಕಾಯಿಲೆಯಂತೆ! ಅದನ್ನು ತಡೆಯಲು ಅವನು ಹೇಳಿದ ಉಪಾಯಗಳಲ್ಲಿ ಚಾಟಿಯೇಟೂ ಒಂದು. ಸ್ವಾತಂತ್ರ್ಯ ಬಯಸಿದವನಿಗೆ ಹುಚ್ಚನ ಪಟ್ಟ, ಮನುಷ್ಯನನ್ನು ಕೊಂಡು ಮಾರಿದವನಿಗೆ ಆರೋಗ್ಯವಂತನ ಪಟ್ಟ!

ನಮ್ಮ ದೇಶದಲ್ಲಿ ಬ್ರಿಟಿಷರ ಕಾಲದಲ್ಲಿ ಮನಸ್ಸಿನ ಕಾಯಿಲೆಗೆ ತುತ್ತಾದ ಅನೇಕ ಯುರೋಪಿಯನ್ನರನ್ನು ಹಡಗಿನಲ್ಲಿ ಇಂಗ್ಲೆಂಡಿಗೆ ಕಳುಹಿಸುತ್ತಿದ್ದರು. ಅವರಿಗಾಗಿಯೇ 1870ರಲ್ಲಿ ಲಂಡನ್ ಬಳಿಯ ಈಲಿಂಗ್‌ನಲ್ಲಿ ರಾಯಲ್ ಇಂಡಿಯಾ ಅಸೈಲಮ್ ತೆರೆಯಲಾಯಿತು. ಮುಂದೆ 1918ರಲ್ಲಿ ರಾಂಚಿಯಲ್ಲಿ ಯುರೋಪಿಯನ್ನರಿಗೆ ಮತ್ತು ಆಂಗ್ಲೋ-ಇಂಡಿಯನ್ನರಿಗೆ ಮೀಸಲಾದ ಆಸ್ಪತ್ರೆ ಬಂತು. ಅದೇ ಊರಿನಲ್ಲಿ ಭಾರತೀಯರ ಆಸ್ಪತ್ರೆ ಬೇರೆ ತೆರೆದದ್ದು 1925ರಲ್ಲಿ. ಕಾಯಿಲೆ ಒಂದೇ ಇದ್ದರೂ ಬಾಗಿಲು ಬೇರೆಯಾಗಿತ್ತು.

ಬಾಗಿಲಿಗಿಂತ ಹೆಚ್ಚಿನ ಅನ್ಯಾಯ ರಿಜಿಸ್ಟರ್‌ನಲ್ಲಿ ನಡೆಯಿತು. ಹುಚ್ಚಾಸ್ಪತ್ರೆಗೆ ಸೇರಿಸುವ ಪ್ರತಿಯೊಬ್ಬನ ಹೆಸರಿನ ಮುಂದೆ ಕಾಯಿಲೆಯ ಕಾರಣ ಬರೆಯಬೇಕಿತ್ತು. ಬಡ ಭಾರತೀಯನ ಹೆಸರಿನ ಮುಂದೆ ಮತ್ತೆ ಮತ್ತೆ ಬರುತ್ತಿದ್ದ ಕಾರಣ ಗಾಂಜಾ. 1893-94ರಲ್ಲಿ ಸರ್ಕಾರವೇ ನೇಮಿಸಿದ ಹೆಂಪ್ ಡ್ರಗ್ಸ್ ಕಮಿಷನ್ ಈ ದಾಖಲೆಗಳನ್ನು ಒಂದೊಂದಾಗಿ ತೆಗೆದು ಪರಿಶೀಲಿಸಿತು. ಪೊಲೀಸರು ರೋಗಿಯ ಜೊತೆಗೆ ಕಳುಹಿಸಿದ ಕಾಗದದಲ್ಲಿ ಇದ್ದದ್ದನ್ನು ಸರಿಯಾಗಿ ವಿಚಾರಿಸದೆ ಆಸ್ಪತ್ರೆಯಲ್ಲಿ ಹಾಗೆಯೇ ನಕಲು ಮಾಡಿದ್ದ ಪ್ರಕರಣಗಳು ಬಹಳ ಇದ್ದವು. ಆ ಅಂಕಿಅಂಶ ನಂಬಲು ಯೋಗ್ಯವಲ್ಲ ಎಂದು ಕಮಿಷನ್ ಹೇಳಿತು. ಗಾಂಜಾ ಒಳ್ಳೆಯದು ಎಂದು ಇದರ ಅರ್ಥವಲ್ಲ. ಅಮಲು ನಮಗೆ ಹರಾಮ್, ಅದರಲ್ಲಿ ಎರಡು ಮಾತಿಲ್ಲ. ಇಲ್ಲಿ ಗಮನಿಸಬೇಕಾದದ್ದು ಬೇರೆ. ಆ ಮನುಷ್ಯನಿಗೆ ಏನಾಯಿತು, ಮನೆಯಲ್ಲಿ ಯಾರು ಸತ್ತರು, ಬರಗಾಲದಲ್ಲಿ ಏನು ಕಳೆದುಕೊಂಡ ಎಂದು ಕೇಳುವ ಗೋಜಿಗೆ ಯಾರೂ ಹೋಗಲಿಲ್ಲ. 'ಈ ಜನ ಇಷ್ಟೇ' ಎಂಬ ಭಾವನೆಯೇ ಸಾಕಾಗಿತ್ತು.

ನಮ್ಮಲ್ಲಿ ಹಲವರ ಹಿರಿಯರು ಮಲಬಾರಿನಿಂದ, ಕರಾವಳಿಯಿಂದ ಘಟ್ಟ ಹತ್ತಿ ಬಂದವರು. ಮಲಬಾರಿನಲ್ಲಿ ಮಾಪಿಳ್ಳ ರೈತರು ದಂಗೆ ಎದ್ದಾಗ, 1852ರಲ್ಲಿ ವಿಚಾರಣೆ ನಡೆಸಿದ ಸ್ಟ್ರೇಂಜ್ ಎಂಬ ಅಧಿಕಾರಿ ಅದಕ್ಕೆಲ್ಲ ಮತೋನ್ಮಾದವೇ ಕಾರಣ ಎಂದು ಬರೆದ. 1854ರಲ್ಲಿ ಮಾಪಿಳ್ಳರ ಹೆಸರಿನಲ್ಲೇ ಒಂದು ಕಠಿಣ ಕಾಯಿದೆ ಬಂತು. ಸುಮಾರು ಮೂವತ್ತು ವರ್ಷಗಳ ನಂತರ ವಿಲಿಯಂ ಲೋಗನ್ ಭೂಮಿಯ ವಿಷಯ ವಿಚಾರಿಸಿದಾಗ ಗೇಣಿ, ಒಕ್ಕಲೆಬ್ಬಿಸುವಿಕೆಯ ಸಂಕಟ ಎದುರಿಗೆ ಬಂತು. ಹಿಂಸೆಯನ್ನು ನಾವು ಸಮರ್ಥಿಸುವುದಿಲ್ಲ. ಆದರೆ ಹೊಟ್ಟೆಯ ಸಂಕಟವನ್ನು ಒಂದಿಡೀ ಸಮುದಾಯದ ತಲೆಯ ಕಾಯಿಲೆ ಎಂದು ಬರೆದುಬಿಟ್ಟರೆ, ಅದಕ್ಕೆ ಪರಿಹಾರ ಹುಡುಕುವ ಕೆಲಸವೇ ನಿಂತುಹೋಗುತ್ತದೆ.

ಅಲ್ಜೀರಿಯಾದ ಪಾಠ

ಫ್ರೆಂಚರ ಆಳ್ವಿಕೆಯಲ್ಲಿದ್ದ ಅಲ್ಜೀರಿಯಾದಲ್ಲಿ ಈ ಭೇದ ಒಂದು ವಿದ್ಯೆಯ ರೂಪವನ್ನೇ ಪಡೆದಿತ್ತು. ಆಂತ್ವಾನ್ ಪೊರೊ ಎಂಬ ಪ್ರಾಧ್ಯಾಪಕ ಮತ್ತು ಅವನ ಶಿಷ್ಯರು, ಉತ್ತರ ಆಫ್ರಿಕದ ಮುಸ್ಲಿಮರು ಹುಟ್ಟಿನಿಂದಲೇ ಆವೇಶದವರು, ಅವರ ಬುದ್ಧಿ ಪೂರ್ತಿ ಬೆಳೆದಿಲ್ಲ ಎಂದು ವೈದ್ಯ ವಿದ್ಯಾರ್ಥಿಗಳಿಗೆ ಕಲಿಸುತ್ತಿದ್ದರು.

1953ರಲ್ಲಿ ಅಲ್ಲಿನ ಬ್ಲಿಡಾ ಆಸ್ಪತ್ರೆಗೆ ಫ್ರಾಂಟ್ಜ್ ಫನೋನ್ ಎಂಬ ಯುವ ವೈದ್ಯರು ಬಂದರು. ಅವರು ಮಾರ್ಟಿನಿಕ್ ದ್ವೀಪದ ಕರಿಯ ಜನಾಂಗದವರು, ಮುಸ್ಲಿಮರಲ್ಲ. ಯುರೋಪಿಯನ್ ಮಹಿಳೆಯರ ವಾರ್ಡ್‌ನಲ್ಲಿ ಅವರು ಸಭೆ, ಹಬ್ಬ, ಹೊಲಿಗೆ, ಸಂಗೀತ ಇವೆಲ್ಲವನ್ನು ಆರಂಭಿಸಿದಾಗ ರೋಗಿಗಳು ಚೇತರಿಸಿಕೊಂಡರು. ಅದನ್ನೇ ಮುಸ್ಲಿಂ ಗಂಡಸರ ವಾರ್ಡ್‌ನಲ್ಲಿ ಮಾಡಿದಾಗ ಯಾರೂ ಹತ್ತಿರ ಬರಲಿಲ್ಲ. ಹಳೆಯ ಪಾಠದ ಪ್ರಕಾರ ಅದು ರೋಗಿಗಳ ಜನಾಂಗದ ದೋಷವಾಗಬೇಕಿತ್ತು. ಫನೋನ್ ಮತ್ತು ಅವರ ಸಹೋದ್ಯೋಗಿ ದೋಷವನ್ನು ತಮ್ಮ ವಿಧಾನದಲ್ಲಿ ಹುಡುಕಿದರು. ವೈದ್ಯರಿಗೆ ರೋಗಿಗಳ ಭಾಷೆ ಬರುತ್ತಿರಲಿಲ್ಲ, ಆಚರಿಸುತ್ತಿದ್ದ ಹಬ್ಬ ರೋಗಿಗಳದ್ದಾಗಿರಲಿಲ್ಲ. ಬಳಿಕ ಆಸ್ಪತ್ರೆಯೊಳಗೆ ಅರಬ್ಬರ ರೀತಿಯ ಕಾಫಿ ಅಂಗಡಿ ತೆರೆದರು, ನಮಾಝಿಗೆ ಜಾಗ ಮಾಡಿದರು, ಮುಸ್ಲಿಮರ ಹಬ್ಬಗಳನ್ನು ಆಚರಿಸಿದರು, ಕತೆ ಹೇಳುವವರನ್ನು ಕರೆಸಿದರು. ಮೂಲೆ ಹಿಡಿದಿದ್ದ ರೋಗಿಗಳು ಎದ್ದು ಬಂದರು. ಜನಾಂಗದಲ್ಲಿ ಇಲ್ಲದ ದೋಷವನ್ನು ಅಲ್ಲಿಯತನಕ ಜನಾಂಗದ ಮೇಲೆ ಹೊರಿಸಲಾಗಿತ್ತು.

ನಮ್ಮ ನಾಡಿನ ದಾರಿ

ಬೆಂಗಳೂರಿನ ಹಳೆಯ ಹುಚ್ಚಾಸ್ಪತ್ರೆಯನ್ನು ಮೈಸೂರು ಸರ್ಕಾರ 1925ರಲ್ಲಿ ಮಾನಸಿಕ ಆಸ್ಪತ್ರೆ ಎಂದು ಕರೆಯಿತು. ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ 1930ರ ದಶಕದಲ್ಲಿ ಅದು ಈಗಿನ ವಿಶಾಲ ಜಾಗಕ್ಕೆ ಬಂತು. 1954ರಲ್ಲಿ ಅದೇ ಆವರಣದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಯಿತು. 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯಿತು.

ಕೇಳಿ ತಿಳಿಯುವ ಕೆಲಸಕ್ಕೆ ನಮ್ಮ ಕರಾವಳಿಯಲ್ಲೇ ಒಂದು ಒಳ್ಳೆಯ ಉದಾಹರಣೆ ಇದೆ. ಈಗ ಉಡುಪಿ ಜಿಲ್ಲೆಯಲ್ಲಿರುವ ಕೋಟದಲ್ಲಿ ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಎಂಬ ಇಬ್ಬರು ಮನೋವೈದ್ಯರು ಬ್ರಾಹ್ಮಣ, ಬಂಟ, ಮೊಗವೀರ ಕುಟುಂಬಗಳ ನಡುವೆ ಅಧ್ಯಯನ ನಡೆಸಿ 1976ರಲ್ಲಿ ಪುಸ್ತಕ ಪ್ರಕಟಿಸಿದರು. ಪಾಶ್ಚಾತ್ಯ ಪ್ರಶ್ನಾವಳಿಯನ್ನು ಹಾಗೆಯೇ ತಂದು ಹೇರದೆ, ಇಲ್ಲಿಯ ಜನ ತಮ್ಮ ಸಂಕಟವನ್ನು ಹೇಳಿಕೊಳ್ಳುವ ರೀತಿಗೆ ತಕ್ಕಂತೆ ಪ್ರಶ್ನೆಗಳನ್ನು ಸಿದ್ಧಪಡಿಸಿದರು. ವೈದ್ಯರು, ಮಂತ್ರವಾದಿಗಳು, ಪಾತ್ರಿಗಳು ಹೀಗೆ ಜನ ಯಾರ ಯಾರ ಬಳಿ ಹೋಗುತ್ತಾರೆ ಎಂಬುದನ್ನೂ ಗೇಲಿ ಮಾಡದೆ ದಾಖಲಿಸಿದರು. ಮುಂದೆ 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಟ್ಟು ಚಿಕಿತ್ಸೆಯನ್ನು ಹಳ್ಳಿಗೆ ತಂದಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು.

ಇನ್ನೊಂದು ದಿನವನ್ನೂ ಮರೆಯಬಾರದು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಸಮೀಪ ಖಾಸಗಿಯವರು ನಡೆಸುತ್ತಿದ್ದ ಒಂದು ಗುಡಿಸಲಿಗೆ ಬೆಂಕಿ ಬಿತ್ತು. ಒಳಗಿದ್ದ ಮನೋರೋಗಿಗಳ ಕಾಲಿಗೆ ಸಂಕೋಲೆ ಹಾಕಲಾಗಿತ್ತು. 28 ಮಂದಿ ಸತ್ತರು. ಅಲ್ಲಿ ಬಿಳಿಯರೂ ಇರಲಿಲ್ಲ, ಬ್ರಿಟಿಷರೂ ಇರಲಿಲ್ಲ. ರೋಗಿಯ ಮಾತನ್ನು ಕೇಳದಿರುವುದು ಪರಕೀಯರ ತಪ್ಪು ಮಾತ್ರವಲ್ಲ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಸಂಕೋಲೆ ಹಾಕುವುದನ್ನು ನಿಷೇಧಿಸಿದೆ. ಅದರ 3ನೇ ಸೆಕ್ಷನ್ ಇನ್ನೂ ಒಂದು ಮಾತು ಹೇಳುತ್ತದೆ: ಯಾರನ್ನೂ ಅವರ ಜನಾಂಗ, ಧರ್ಮ, ಸಂಸ್ಕೃತಿ ಅಥವಾ ಸ್ಥಾನಮಾನದ ಆಧಾರದಲ್ಲಿ ಮನೋರೋಗಿ ಎಂದು ನಿರ್ಧರಿಸುವಂತಿಲ್ಲ. ಕಾರ್ಟ್‌ರೈಟ್‌ನಂಥವರಿಗೆ ಕಾನೂನು ಕೊಟ್ಟ ಉತ್ತರ ಇದು.

ನಮ್ಮ ಹೊಣೆ

ನಮ್ಮ ದೀನ್ ಈ ವಿಷಯದಲ್ಲಿ ಮೊದಲೇ ದಾರಿ ತೋರಿಸಿದೆ. ಬುದ್ಧಿ ಕಳೆದುಕೊಂಡವನು ಸರಿಹೋಗುವವರೆಗೆ ಅವನ ಕರ್ಮಗಳನ್ನು ಬರೆಯುವ ಲೇಖನಿ ಎತ್ತಲ್ಪಟ್ಟಿದೆ ಎಂದು ಪ್ರವಾದಿ(ಸ) ಕಲಿಸಿದರು. ತಮ್ಮ ಸಂಪತ್ತನ್ನು ನೋಡಿಕೊಳ್ಳುವಷ್ಟು ತಿಳುವಳಿಕೆ ಇಲ್ಲದವರಿಗೆ ಅನ್ನ, ಬಟ್ಟೆ ಕೊಡಬೇಕು, ಒಳ್ಳೆಯ ಮಾತಾಡಬೇಕು ಎಂಬುದು ಸೂರಃ ಅನ್ನಿಸಾದ ಆದೇಶ. ಇದೇ ಬೋಧನೆಯ ನೆರಳಿನಲ್ಲಿ 1154ರಲ್ಲಿ ಡಮಾಸ್ಕಸ್‌ನಲ್ಲಿ ನೂರುದ್ದೀನ್, 1284ರಲ್ಲಿ ಕೈರೋದಲ್ಲಿ ಸುಲ್ತಾನ್ ಕಲಾವೂನ್ ಆಸ್ಪತ್ರೆ ಕಟ್ಟಿಸಿದರು. ಕಲಾವೂನರ ಆಸ್ಪತ್ರೆಯಲ್ಲಿ ಮನೋರೋಗಿಗಳಿಗೂ ಜಾಗವಿತ್ತು. ಬಡವ, ಬಲ್ಲಿದ, ಊರವ, ಪರದೇಶಿ ಎನ್ನದೆ ಎಲ್ಲರ ಖರ್ಚು ವಕ್ಫ್‌ನಿಂದ ಹೋಗುತ್ತಿತ್ತು.

ಈಗ ನಮ್ಮ ಕಡೆ ನೋಡೋಣ. ಪಾಳ್ಯ, ಆಲೂರು, ಸಕಲೇಶಪುರದ ಕಾಫಿ ತೋಟಗಳಲ್ಲಿ ಇಂದು ಅಸ್ಸಾಂನಿಂದ, ಜಾರ್ಖಂಡ್‌ನಿಂದ ಬಂದ ಕೂಲಿಕಾರರಿದ್ದಾರೆ. ಲೈನ್ ಮನೆಯಲ್ಲಿ ಒಬ್ಬ ವಾರಗಟ್ಟಲೆ ನಿದ್ರೆ ಮಾಡದೆ ಒಬ್ಬನೇ ಮಾತನಾಡತೊಡಗಿದರೆ, 'ಆ ಕಡೆಯವರೇ ಹಾಗೆ' ಎಂದು ಸುಮ್ಮನಾಗುವವರು ಅಂದಿನ ಪೊಲೀಸ್ ಕಾಗದವನ್ನೇ ಮತ್ತೆ ಬರೆಯುತ್ತಿದ್ದಾರೆ. ಹೆರಿಗೆಯಾದ ಮೇಲೆ ಸದಾ ಅಳುವ ಸೊಸೆಗೆ ಕೇಳದೆ ನೋಡದೆ ಜಿನ್ನ್ ಹಿಡಿದಿದೆ ಎನ್ನುವುದೂ ಅದೇ ತಪ್ಪು. ದುಆ ಮಾಡೋಣ, ಕುರ್‌ಆನ್ ಓದಿ ಊದೋಣ. ಜೊತೆಗೆ ವೈದ್ಯರಿಗೂ ತೋರಿಸೋಣ. ಪ್ರತಿ ರೋಗಕ್ಕೂ ಅಲ್ಲಾಹನು ಔಷಧ ಇಳಿಸಿದ್ದಾನೆ ಎಂದು ಕಲಿಸಿದ ಪ್ರವಾದಿ(ಸ)ಯವರು ಚಿಕಿತ್ಸೆ ಪಡೆಯಲೂ ಹೇಳಿದ್ದಾರೆ.

ಆಸ್ಪತ್ರೆಯಲ್ಲಿ ನಮ್ಮ ಹೆಸರು, ಗಡ್ಡ, ಬುರ್ಖಾ ನೋಡಿ ಯಾರಾದರೂ ಹಗುರವಾಗಿ ಮಾತನಾಡಿದರೆ ಅದನ್ನು ಕೇಳುವ ಹಕ್ಕು ನಮಗಿದೆ. ಧರ್ಮ, ಜಾತಿ, ಸಂಸ್ಕೃತಿಯ ಭೇದವಿಲ್ಲದ ಚಿಕಿತ್ಸೆ ಕಾಯಿದೆಯೇ ಕೊಟ್ಟ ಹಕ್ಕು. ಆದರೆ ಆ ಕಹಿಗೆ ಚಿಕಿತ್ಸೆಯನ್ನೇ ಬಿಟ್ಟರೆ ನಷ್ಟ ರೋಗಿಗೆ. ಜಮಾಅತ್ ಕಮಿಟಿಗಳು ಒಂದು ಕೆಲಸ ಮಾಡಬಹುದು. ಬ್ಯಾರಿ, ಉರ್ದು ಅಥವಾ ಹಿಂದಿ ಮಾತ್ರ ಬರುವ ರೋಗಿಯ ಜೊತೆ ಕನ್ನಡ ಬಲ್ಲ ಒಬ್ಬರನ್ನು ಹಾಸನದ ಜಿಲ್ಲಾ ಆಸ್ಪತ್ರೆಗೆ ಕಳುಹಿಸಿಕೊಡಬೇಕು. ಅವರು ರೋಗಿಯ ಮಾತನ್ನು ಇದ್ದ ಹಾಗೆ ವೈದ್ಯರಿಗೆ ಮುಟ್ಟಿಸಬೇಕು, ಕೇಳಿದ್ದನ್ನು ಊರಲ್ಲಿ ಆಡಬಾರದು. ಮನೆಯಿಂದ ಹೊರಡಲಾಗದವರು 14416 ಸಂಖ್ಯೆಗೆ ಕರೆ ಮಾಡಿದರೆ ಸರ್ಕಾರದ ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಉಚಿತವಾಗಿ ಮಾತನಾಡಬಹುದು.

ಮನಸ್ಸು ನೊಂದವರನ್ನು ಕುಲದಿಂದ ಅಳೆಯದೆ ಅವರ ಮಾತಿಗೆ ಕಿವಿಗೊಡುವ ತೌಫೀಕನ್ನು ಅಲ್ಲಾಹನು ನಮಗೆಲ್ಲರಿಗೂ ನೀಡಲಿ, ರೋಗಿಗಳಿಗೆ ಶಿಫಾ ಕರುಣಿಸಲಿ. ಆಮೀನ್.