ಕೈಫೆಂಗಿನ ಕಂಚಿನ ಪುರುಷ

ಹಳದಿ ನದಿಯ ದಕ್ಷಿಣಕ್ಕೆ, ಕಾಲುವೆಗಳ ನಡುವೆ ಹಬ್ಬಿ ನಿಂತಿದ್ದ ಕೈಫೆಂಗ್ ನಗರದಿಂದ ಸಾಂಗ್ ವಂಶದ ಸಾಮ್ರಾಟರು ಚೀನಾವನ್ನು ಆಳುತ್ತಿದ್ದ ಕಾಲವದು. 1022ರಲ್ಲಿ ರೆನ್‌ಜೊಂಗ್ ಪಟ್ಟವೇರಿದಾಗ ಅವನಿಗಿನ್ನೂ ಹನ್ನೆರಡು ತುಂಬಿರಲಿಲ್ಲ. ಸಿಂಹಾಸನ ಬಾಲಕನದು, ಆಜ್ಞೆ ಪರದೆಯ ಹಿಂದೆ ಕೂತ ರಾಜಮಾತೆ ಲಿಯೂಳದು. ಆಕೆಯ ಆಡಳಿತದಲ್ಲೇ, 1027ರ ಚಳಿಗಾಲದ ಹೊಸ್ತಿಲಲ್ಲಿ, ಆಸ್ಥಾನದ ವೈದ್ಯಾಲಯದವರು ಎರಡು ಕಂಚಿನ ಪ್ರತಿಮೆಗಳನ್ನು ಅರಮನೆಗೆ ಒಪ್ಪಿಸಿದರು. ಅವು ದೇವರ ವಿಗ್ರಹಗಳಲ್ಲ, ಪೂರ್ವಜರ ಮೂರ್ತಿಗಳೂ ಅಲ್ಲ. ಮೈತುಂಬ ಸಣ್ಣ ಸಣ್ಣ ತೂತುಗಳಿದ್ದ, ಆಳೆತ್ತರದ ಸಾಮಾನ್ಯ ಮನುಷ್ಯನ ರೂಪಗಳು. ಒಂದು ವೈದ್ಯಾಲಯದಲ್ಲಿರಲಿ, ಇನ್ನೊಂದು ತಿಂಗಳಿಗೆ ಐದು ಬಾರಿ ಸಂತೆ ನೆರೆಯುವ ದಾಶಿಯಾಂಗ್‌ಗುವೊ ಬೌದ್ಧ ವಿಹಾರದಲ್ಲಿರಲಿ ಎಂದು ಅಪ್ಪಣೆಯಾಯಿತು.

ಅರಮನೆಗೆ ಈ ಉಸಾಬರಿ ಯಾಕೆ ಬೇಕಾಯಿತು ಎಂಬುದಕ್ಕೆ ಕೆಲವು ಶತಮಾನ ಹಿಂದಕ್ಕೆ ಹೋಗಬೇಕು. ಸೂಜಿ ಚಿಕಿತ್ಸೆ ಆಗಲೇ ಹಳೆಯ ವಿದ್ಯೆ. ಕ್ರಿ.ಪೂ. 113ರಲ್ಲಿ ತೀರಿಕೊಂಡ ಹಾನ್ ವಂಶದ ರಾಜಕುಮಾರ ಲಿಯು ಶೆಂಗ್‌ನ ಸಮಾಧಿಯನ್ನು 1968ರಲ್ಲಿ ತೆರೆದಾಗ, ಅವನ ಜೊತೆಗಿಟ್ಟಿದ್ದ ಚಿನ್ನದ ಮತ್ತು ಬೆಳ್ಳಿಯ ಸೂಜಿಗಳು ಸಿಕ್ಕಿದವು. ಹಾನ್ ಕಾಲದಲ್ಲೇ ರೂಪುಗೊಂಡ ‘ಹುವಾಂಗ್‌ಡಿ ನೇಯ್‌ಜಿಂಗ್’ ಎಂಬ ವೈದ್ಯಗ್ರಂಥ ಒಂಬತ್ತು ಬಗೆಯ ಸೂಜಿಗಳನ್ನು ಹೆಸರಿಸುತ್ತದೆ. ಅದರ ಪ್ರಕಾರ, ‘ಚಿ’ ಎಂಬ ಪ್ರಾಣಶಕ್ತಿ ದೇಹದ ನಾಡಿಗಳಲ್ಲಿ ಹರಿಯುತ್ತದೆ. ಅದು ಎಲ್ಲಾದರೂ ಕಟ್ಟಿಕೊಂಡರೆ ರೋಗ. ತಕ್ಕ ಬಿಂದುವಿನಲ್ಲಿ ಸೂಜಿ ಇಟ್ಟರೆ, ಇಲ್ಲವೇ ನಮ್ಮ ಮಾಚಿಪತ್ರೆಯ ಬಳಗದ ಗಿಡವೊಂದರ ಒಣಸೊಪ್ಪನ್ನು ಉಂಡೆ ಮಾಡಿ ಅಲ್ಲಿ ಹೊಗೆಯಾಡಿಸಿ ಶಾಖ ಕೊಟ್ಟರೆ, ಕಟ್ಟು ಬಿಡುತ್ತದೆ. ಕಾಲಿಗೆ ಸೂಜಿ ಇಟ್ಟು ಹೊಟ್ಟೆಗೆ ಮದ್ದು ಮಾಡುವ ಈ ವಿದ್ಯೆಗೆ ದೇಹವೆಂದರೆ ಬಿಡಿ ಅಂಗಗಳ ಗಂಟಲ್ಲ, ಒಂದೇ ಹರಿವು.

ಮೂರನೆಯ ಶತಮಾನದಲ್ಲಿ ಹುವಾಂಗ್‌ಫು ಮಿ ಎಂಬ ವಿದ್ವಾಂಸ ಹಿಂದಿನವರ ಬರಹಗಳನ್ನೆಲ್ಲ ಸೋಸಿ 349 ಬಿಂದುಗಳನ್ನು ಕ್ರಮವಾಗಿ ಬರೆದಿಟ್ಟ. ಆಮೇಲಿನ ಏಳು ಶತಮಾನ ಆ ಜ್ಞಾನ ಕೈಬರಹದ ಪ್ರತಿಗಳಲ್ಲಿ ಸಾಗಿ ಬಂತು. ಪ್ರತಿಯಿಂದ ಪ್ರತಿಗೆ ಒಂದಂಗುಲ ಅತ್ತ, ಅರ್ಧ ಅಂಗುಲ ಇತ್ತ. ಚಿತ್ರಪಟ ಬರೆದವರ ಕುಂಚ ಹೋದ ಕಡೆ ಬಿಂದುವೂ ಹೋಯಿತು. ಕವಿತೆಯಲ್ಲಿ ಒಂದಕ್ಷರ ಜಾರಿದರೆ ರಸಿಕನಿಗೆ ಬೇಸರವಾದೀತು, ಅಷ್ಟೇ. ಎದೆಯ ಮೇಲಿನ ಬಿಂದು ಜಾರಿದರೆ ರೋಗಿ ಉಳಿಯದೇ ಹೋಗಬಹುದು. ಬಿಂದುವಿನ ಜಾಗ ಕೊಂಚ ತಪ್ಪಿದರೂ ಜೀವಕ್ಕೆ ಅಪಾಯ ಎಂಬ ದೂರೇ ಕೊನೆಗೆ ಅರಮನೆಯ ಕಿವಿಗೆ ಬಿದ್ದದ್ದು.

ಕೆಲಸ ಬಿದ್ದದ್ದು ವಾಂಗ್ ವೇಯ್‌ಯಿ ಎಂಬ ಆಸ್ಥಾನ ವೈದ್ಯನ ಹೆಗಲಿಗೆ. ಅವನು ಹಳೆಯ ಪಾಠಗಳನ್ನು ಒಂದಕ್ಕೊಂದು ಹೋಲಿಸಿ ನೋಡಿ, 354 ಬಿಂದುಗಳ ಹೆಸರು, ನೆಲೆ, ಸೂಜಿ ಎಷ್ಟು ಆಳ ಹೋಗಬೇಕೆಂಬ ವಿವರಗಳನ್ನು ಕೂಡಿಸಿ 1026ರಲ್ಲಿ ಹೊಸ ಗ್ರಂಥ ಸಿದ್ಧಪಡಿಸಿದ. ಪುಸ್ತಕವಷ್ಟೇ ಆದರೆ ನಾಳೆ ಮತ್ತೆ ಪ್ರತಿ ಮಾಡುವವನ ಕೈಗೆ ಸಿಕ್ಕು ಕೆಡುತ್ತದೆ. ಹಾಗಾಗಿ ಪಾಠವನ್ನು ಕಲ್ಲಿನ ಫಲಕಗಳಲ್ಲಿ ಕೊರೆಸಿ ನಗರದಲ್ಲಿ ನಿಲ್ಲಿಸಿದರು. ಬೇಕಾದವರು ಕಾಗದ ಒತ್ತಿ ಪಡಿಯಚ್ಚು ತೆಗೆದುಕೊಳ್ಳಬಹುದಿತ್ತು. ಬಿಂದುಗಳನ್ನು ಕಂಚಿನ ಮೈಯಲ್ಲಿ ತೂತಾಗಿಸಿದರು.

ಆ ಪ್ರತಿಮೆ ಹೇಗಿತ್ತೆಂಬುದನ್ನು, ಅದನ್ನು ಕಣ್ಣಾರೆ ಕಂಡ ಬಂಧುವೊಬ್ಬನ ಬಾಯಿಂದ ಕೇಳಿ, ಹದಿಮೂರನೆಯ ಶತಮಾನದ ಲೇಖಕ ಜೋ ಮಿ ಬರೆದಿಟ್ಟಿದ್ದಾನೆ. ಮುಂಭಾಗ ಒಂದು ಹೋಳು, ಹಿಂಭಾಗ ಇನ್ನೊಂದು. ಎರಡನ್ನೂ ಕೂಡಿಸಿದರೆ ಒಂದು ಇಡೀ ದೇಹ. ಬಿಚ್ಚಿ ನೋಡಿದರೆ ಒಳಗೆ ಹೃದಯ, ಯಕೃತ್ತು, ಕರುಳು ಎಲ್ಲವೂ ಅವುಗಳ ಜಾಗದಲ್ಲಿ. ಹೊರಮೈಯ ಪ್ರತಿ ತೂತಿನ ಪಕ್ಕ ಬಿಂದುವಿನ ಹೆಸರು ಚಿನ್ನದ ಕುಂದಣದಲ್ಲಿ. ಪರೀಕ್ಷೆಯ ದಿನ ಈ ಹೆಸರುಗಳೆಲ್ಲ ಮರೆಯಾಗುತ್ತಿದ್ದವು: ಮೈಗೆಲ್ಲ ಹಳದಿ ಮೇಣ ಬಳಿದು ಒಳಗೆ ಪಾದರಸ ತುಂಬುತ್ತಿದ್ದರು, ನೀರು ತುಂಬುತ್ತಿದ್ದರು ಎಂದು ಹೇಳುವವರೂ ಇದ್ದಾರೆ. ವೈದ್ಯ ವಿದ್ಯಾರ್ಥಿ ಬೆರಳಿಂದ ಅಂಗುಲ ಅಂಗುಲವಾಗಿ ಅಳೆದು ಸೂಜಿ ಚುಚ್ಚಬೇಕು. ಸರಿಯಾಗಿದ್ದರೆ ಸೂಜಿ ಸಲೀಸಾಗಿ ಇಳಿದು ಪಾದರಸ ಹನಿಯಿತು. ಕೂದಲೆಳೆಯಷ್ಟು ತಪ್ಪಿದರೂ ಮೇಣದಡಿಯ ಕಂಚಿಗೆ ತಾಗಿ ಸೂಜಿ ನಿಂತಿತು. ಗುರುವಿನ ಮುಲಾಜಿಲ್ಲ, ಮೇಲಿನವರ ಶಿಫಾರಸಿಲ್ಲ. ಲಂಚಕ್ಕೆ ಕೈಯೊಡ್ಡದ ಇಂಥ ಪರೀಕ್ಷಕ ಯಾವ ಆಸ್ಥಾನಕ್ಕೂ ಸುಲಭವಾಗಿ ಸಿಕ್ಕಿದವನಲ್ಲ.

ಅಂಗುಲವೆಂದರೂ ಅದು ಅಳತೆಪಟ್ಟಿಯ ಅಂಗುಲವಲ್ಲ. ಆಯಾ ರೋಗಿಯ ಹೆಬ್ಬೆರಳಿನ ಅಗಲವೇ ಅವನ ಅಂಗುಲ. ಮಣಿಕಟ್ಟಿನಿಂದ ಮೊಣಕೈಗೆ ಹನ್ನೆರಡು ಅಂಗುಲವೆಂಬ ಲೆಕ್ಕ ಕುಳ್ಳನಿಗೂ ಅದೇ, ಉದ್ದನೆಯವನಿಗೂ ಅದೇ, ಮಗುವಿಗೂ ಅದೇ. ಪ್ರತಿ ದೇಹವೂ ತನ್ನ ಅಳತೆಗೋಲನ್ನು ತಾನೇ ಹೊತ್ತಿರುವ ಶಾಸ್ತ್ರವನ್ನು ಎಂದೂ ಬೆಳೆಯದ, ಬಾಗದ, ಬೆವರದ ಒಂದೇ ಲೋಹದ ಮೈಗೆ ಇಳಿಸಿದ್ದು ವಾಂಗ್ ವೇಯ್‌ಯಿಯ ಸಾಧನೆಯೂ ಹೌದು, ಅದರ ಮಿತಿಯೂ ಹೌದು. ವಿದ್ಯಾರ್ಥಿಗೆ ಬಿಂದುವಿನ ಜಾಗ ಗೊತ್ತೇ ಎಂದು ಕಂಚು ಕೇಳಬಲ್ಲದಾಗಿತ್ತು. ಆ ಬಿಂದು ರೋಗ ವಾಸಿಮಾಡುತ್ತದೆಯೇ ಎಂಬ ಪ್ರಶ್ನೆ ಅದರ ಬಾಯಿಗೆ ನಿಲುಕದ್ದು. ಆ ಪರೀಕ್ಷೆಗೆ ಜಗತ್ತು ಒಂಬತ್ತು ಶತಮಾನಕ್ಕೂ ಹೆಚ್ಚು ಕಾಯಬೇಕಾಯಿತು. ದೀರ್ಘಕಾಲದ ಸೊಂಟನೋವಿನ 1,162 ರೋಗಿಗಳ ಮೇಲೆ ಜರ್ಮನಿಯಲ್ಲಿ ನಡೆದು 2007ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಶಾಸ್ತ್ರೋಕ್ತ ಬಿಂದುಗಳಿಗೆ ಸೂಜಿ ಇಡಿಸಿಕೊಂಡವರಲ್ಲಿ ಶೇ. 47.6 ಮಂದಿಗೆ ಗುಣ ಕಂಡಿತು; ಬಿಂದುವಲ್ಲದ ಕಡೆ ಮೇಲುಮೇಲೆ ಚುಚ್ಚಿಸಿಕೊಂಡವರಲ್ಲಿ ಶೇ. 44.2 ಮಂದಿಗೆ, ಮಾಮೂಲಿ ಔಷಧ, ವ್ಯಾಯಾಮದವರಲ್ಲಿ ಶೇ. 27.4 ಮಂದಿಗೆ. ಸೂಜಿಗೆ ಇದು ಗೆಲುವು, ತೂತಿಗೆ ಸೋಲು.

ಆದರೆ ರೆನ್‌ಜೊಂಗ್‌ನ ಆಸ್ಥಾನಕ್ಕೆ ಇಂಥ ಅನುಮಾನವಿರಲಿಲ್ಲ. 1034ರಲ್ಲಿ ಸಾಮ್ರಾಟನೇ ಹಾಸಿಗೆ ಹಿಡಿದ. ಮದ್ದುಗಳು ಕೈಕೊಟ್ಟವು, ರಾಜಧಾನಿಯಲ್ಲಿ ಆತಂಕ ಹಬ್ಬಿತು. ರಾಜವಂಶದ ಹಿರಿಯ ಕುಮಾರಿಯೊಬ್ಬಳು ಶೂ ಶೀ ಎಂಬ ವೈದ್ಯನನ್ನು ಕರೆಸಿದಳು. ಎದೆಯ ಕೆಳಗೆ, ಹೃದಯದ ಪೊರೆಯ ನೆಲೆಯಲ್ಲಿ ಸೂಜಿ ಇಟ್ಟರೆ ಬೇಗ ಗುಣವಾಗುತ್ತದೆ ಎಂದ ಅವನು. ಸುತ್ತಲಿದ್ದವರು ಬೆಚ್ಚಿಬಿದ್ದರು. ದೊರೆಯ ಎದೆಗೆ ಮೊನೆಯಿಡುವುದೆಂದರೇನು? ಕೊನೆಗೆ ಅಂತಃಪುರದ ನಪುಂಸಕ ಸೇವಕರು ಮುಂದೆ ಬಂದು, ಮೊದಲು ನಮ್ಮ ಮೈಗೆ ಚುಚ್ಚಿ ನೋಡಿ ಎಂದರು. ಅವರಿಗೇನೂ ಆಗಲಿಲ್ಲ. ಆಮೇಲೆ ಸಾಮ್ರಾಟನಿಗೆ ಸೂಜಿ ಇಟ್ಟರು, ಅವನು ಚೇತರಿಸಿಕೊಂಡ. ಹುದ್ದೆ, ಕೆಂಪು ನಿಲುವಂಗಿ, ಬೆಳ್ಳಿಯ ಮೀನಿನ ಬಿರುದು, ಧನಕನಕ ಎಲ್ಲವೂ ಶೂ ಶೀಯ ಪಾಲಿಗೆ ಬಂದವು. ದೊರೆಗೆ ನಮಸ್ಕರಿಸಿದ ಅವನು ಪಶ್ಚಿಮಕ್ಕೆ ತಿರುಗಿ ಇನ್ನೊಮ್ಮೆ ಅಡ್ಡಬಿದ್ದ. ಯಾಕೆಂದು ಕೇಳಿದರೆ, ಇದು ನನ್ನದಲ್ಲ, ನನ್ನ ಗುರು ಬಿಯೆನ್ ಛುಯೆಯ ಕೃಪೆ ಎಂದ. ಬಿಯೆನ್ ಛುಯೆ ಅವನಿಗಿಂತ ಸಾವಿರ ವರ್ಷಕ್ಕೂ ಹಿಂದಿನ ಪೌರಾಣಿಕ ವೈದ್ಯ! ಬಂದ ಚಿನ್ನದಲ್ಲಿ ಆ ಗುರುವಿಗೊಂದು ಗುಡಿ ಕಟ್ಟಿಸಬೇಕೆಂದು ಬೇಡಿದ. ನಗರದ ಪಶ್ಚಿಮ ಮೂಲೆಯಲ್ಲಿ ಗುಡಿ ಎದ್ದಿತು. ವೈದ್ಯ ಕಲಿಯುವವರು ಅಲ್ಲಿಗೇ ಬಂದು ಸೇರತೊಡಗಿದರು. ಅದರ ಪಕ್ಕದಲ್ಲೇ ಮುಂದೆ ಸರ್ಕಾರಿ ವೈದ್ಯಶಾಲೆಯೂ ನೆಲೆಗೊಂಡಿತು.

ಹೀಗೆ ಒಂದು ಶತಮಾನ ನಡೆಯಿತು. 1127ರಲ್ಲಿ ಉತ್ತರದ ಜುರ್ಚನ್ ಸೇನೆ ಕೈಫೆಂಗನ್ನು ಕೊಳ್ಳೆ ಹೊಡೆಯಿತು. ಇಬ್ಬರು ಸಾಮ್ರಾಟರನ್ನೂ ಅರಮನೆಯ ಭಂಡಾರವನ್ನೂ ಬಂಡಿಗಟ್ಟಲೆ ಉತ್ತರಕ್ಕೆ ಸಾಗಿಸಿದರು. ಆ ಗದ್ದಲದ ನಂತರ ಎರಡು ಪ್ರತಿಮೆಗಳ ದಾರಿ ಬೇರೆಯಾಯಿತು. ಮಂಗೋಲರ ಕಾಲಕ್ಕೆ ಬರುವಾಗ ಒಂದು ಕಂಚಿನ ಪುರುಷ ಕುಬ್ಲಾಯ್ ಖಾನನ ವಶದಲ್ಲಿದ್ದಾನೆ. ದಕ್ಷಿಣಕ್ಕೆ ಸರಿದಿದ್ದ ಸಾಂಗ್ ಆಸ್ಥಾನಕ್ಕೆ ಹೋಗಿದ್ದ ರಾಯಭಾರಿಯ ಮೂಲಕ ಬಂದ ಕಾಣಿಕೆ ಅದು. ಕಾಲದ ಹೊಡೆತಕ್ಕೆ ಸಿಕ್ಕು ಜಖಂಗೊಂಡಿತ್ತು. ದುರಸ್ತಿ ಮಾಡಬಲ್ಲ ಕಮ್ಮಾರ ಇಡೀ ಸಾಮ್ರಾಜ್ಯದಲ್ಲಿ ಒಬ್ಬನೂ ಇರಲಿಲ್ಲ.

ಆ ಕೆಲಸಕ್ಕೆ ಒದಗಿದವನು ನಮ್ಮ ನೆರೆಯ ನೇಪಾಳದವನು. 1260ರಲ್ಲಿ ಟಿಬೆಟ್ಟಿನಲ್ಲಿ ಚಿನ್ನದ ಸ್ತೂಪವೊಂದನ್ನು ಕಟ್ಟಲು ಕಠ್ಮಂಡು ಕಣಿವೆಯಿಂದ ಹೊರಟ ಎಂಬತ್ತು ಕುಶಲಕರ್ಮಿಗಳ ತಂಡಕ್ಕೆ, ಹದಿನೇಳರ ಆಸುಪಾಸಿನ ಅರನಿಕೊ ಎಂಬ ಹುಡುಗ ಮುಖ್ಯಸ್ಥ. ಕೆಲಸ ಕಂಡು ಮೆಚ್ಚಿದ ಧರ್ಮಗುರು ಫಗ್ಪಾ ಅವನನ್ನು ಖಾನನ ಬಳಿಗೆ ಕರೆದೊಯ್ದ. ಖಾನ ಒಡೆದ ಕಂಚಿನ ಪುರುಷನನ್ನು ತರಿಸಿ ತೋರಿಸಿ, ಇದನ್ನು ಹೊಸದು ಮಾಡಬಲ್ಲೆಯಾ ಎಂದು ಕೇಳಿದ. ಇಂಥದ್ದನ್ನು ಮಾಡಿ ಅಭ್ಯಾಸವಿಲ್ಲ, ಪ್ರಯತ್ನಿಸುತ್ತೇನೆ ಎಂಬುದು ಅರನಿಕೊನ ಉತ್ತರ. 1265ರಲ್ಲಿ ಕೆಲಸ ಮುಗಿಯಿತು. ನಾಡಿಗಳೂ ಒಳಗಿನ ಕವಾಟಗಳೂ ಎಲ್ಲ ಮತ್ತೆ ಸರಿಯಾಗಿದ್ದವು. ಆಸ್ಥಾನದ ಲೋಹಶಿಲ್ಪಿಗಳು ನಾಚಿ ತಲೆತಗ್ಗಿಸಿದರೆಂದು ಯುವಾನ್ ವಂಶದ ಇತಿಹಾಸ ಹೇಳುತ್ತದೆ. ಬೀಜಿಂಗಿನಲ್ಲಿ ಇಂದಿಗೂ ನಿಂತಿರುವ ಬಿಳಿ ಸ್ತೂಪವನ್ನು ಮುಂದೆ ಕಟ್ಟಿದವನೂ ಇವನೇ. ಸೂಜಿ ಹಿಡಿದ ವೈದ್ಯನಲ್ಲ, ಚೀನೀಯನೂ ಅಲ್ಲ. ಆದರೆ ಕಂಚಿನ ಪುರುಷನಿಗೆ ಎರಡನೆಯ ಜನ್ಮ ಕೊಟ್ಟವನು ನೇಪಾಳದ ಈ ಹುಡುಗ.

ಮಿಂಗ್ ಅರಸರ ಕಾಲಕ್ಕೆ, ಅಷ್ಟರಲ್ಲಿ ಬೀಜಿಂಗ್ ಸೇರಿದ್ದ ಕಲ್ಲುಗಳ ಅಕ್ಷರ ಸವೆದಿತ್ತು, ಕಂಚು ಮಸುಕಾಗಿತ್ತು. 1443ರಲ್ಲಿ ಜೆಂಗ್‌ಟಾಂಗ್ ಸಾಮ್ರಾಟ ಎರಡನ್ನೂ ಹೊಸದಾಗಿ ಮಾಡಿಸಿದ. ಹಳೆಯ ಪ್ರತಿಮೆಯ ಸುಳಿವು ಅಲ್ಲಿಗೆ ಮುಗಿಯುತ್ತದೆ. ಹಳೆಯ ಕಲ್ಲುಗಳನ್ನು ಒಡೆದು ಬೀಜಿಂಗಿನ ಕೋಟೆಗೋಡೆಗೆ ಹಾಕಿಬಿಟ್ಟರು. 1965ರಿಂದ 1971ರ ನಡುವೆ ಆ ಕೋಟೆಯನ್ನು ಕೆಡವುವಾಗ ವಾಂಗ್ ವೇಯ್‌ಯಿಯ ಪಾಠ ಕೊರೆದಿದ್ದ ತುಂಡುಗಳು ಮಣ್ಣಿನಿಂದ ಮೇಲೆದ್ದವು. ಮಿಂಗ್ ಪ್ರತಿಮೆಯ ಗತಿಯೂ ಹಾಯಾಗಿರಲಿಲ್ಲ. 1900ರಲ್ಲಿ ಎಂಟು ದೇಶಗಳ ಸೇನೆ ಬೀಜಿಂಗನ್ನು ಸೂರೆಗೊಂಡಾಗ ಅದು ರಷ್ಯದವರ ಪಾಲಾಯಿತು; ಸೇಂಟ್ ಪೀಟರ್ಸ್‌ಬರ್ಗಿನ ಹರ್ಮಿಟಾಜ್ ಸಂಗ್ರಹಾಲಯದಲ್ಲಿರುವ ಕಂಚಿನ ಪುರುಷ ಅದೇ ಎಂಬುದು ಸಂಶೋಧಕರ ನಿಲುವು.

ಅಷ್ಟರಲ್ಲಿ ಅರಮನೆಯ ಮನಸ್ಸೂ ತಿರುಗಿತ್ತು. 1822ರಲ್ಲಿ ಚಿಂಗ್ ಸಾಮ್ರಾಟ ದಾವ್‌ಗುವಾಂಗ್, ದೊರೆಯ ಮೈಗೆ ಸೂಜಿಯೂ ಬೆಂಕಿಯೂ ತಕ್ಕದ್ದಲ್ಲವೆಂದು ಆಸ್ಥಾನ ವೈದ್ಯಾಲಯದಿಂದ ಆ ವಿಭಾಗವನ್ನು ಶಾಶ್ವತವಾಗಿ ತೆಗೆದುಹಾಕಿದ. ಒಬ್ಬ ಸಾಮ್ರಾಟ ಎದೆಯೊಡ್ಡಿದ ಸೂಜಿಗೆ ಇನ್ನೊಬ್ಬ ಬಾಗಿಲು ಹಾಕಿದ. ಹಳ್ಳಿಯ ವೈದ್ಯರಿಗೆ ಆ ಆಜ್ಞೆ ತಟ್ಟಲಿಲ್ಲ. ವಿದ್ಯೆ ಅವರ ಕೈಯಲ್ಲಿ ಉಳಿಯಿತು. 1929ರಲ್ಲಿ ಗಣರಾಜ್ಯ ಸರ್ಕಾರ ಹಳೆಯ ವೈದ್ಯವನ್ನೇ ಅಳಿಸಲು ಹೊರಟು ಪ್ರತಿಭಟನೆಗೆ ಮಣಿದದ್ದು, 1950ರ ದಶಕದಲ್ಲಿ ಮಾವೋ ಸರ್ಕಾರ ಅದನ್ನು ಮೇಲೆತ್ತಿದ್ದು, ಭಾರತದ ವೈದ್ಯ ಕೊಟ್ನಿಸರ ಜೊತೆ 1938ರಲ್ಲಿ ಚೀನಾಕ್ಕೆ ಹೋಗಿದ್ದ ಡಾ. ಬಿಜಯ್ ಕುಮಾರ್ ಬಸು ಮುಂದೆ ಈ ವಿದ್ಯೆ ಕಲಿತು ಕಲ್ಕತ್ತೆಗೆ ತಂದದ್ದು, ಎಲ್ಲವೂ ಈಚಿನ ಮಾತು.

ವಾಂಗ್ ವೇಯ್‌ಯಿಯ ಹಳೆಯ ವ್ಯಾಜ್ಯವಂತೂ ಇನ್ನೂ ಇತ್ಯರ್ಥವಾಗಿಲ್ಲ. ಚೀನಾ, ಜಪಾನ್, ಕೊರಿಯಾಗಳ ತಜ್ಞರು ವರ್ಷಗಟ್ಟಲೆ ಕೂತು ವಾದಿಸಿದ ಮೇಲೆ 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ 361 ಬಿಂದುಗಳ ನೆಲೆಯನ್ನು ಪ್ರಕಟಿಸಿತು. ಕಂಚಿನ ಪುರುಷನ ಮೈಯಲ್ಲಿದ್ದ ಹೆಸರುಗಳಿಗಿಂತ ಏಳು ಹೆಚ್ಚು. ಅವುಗಳಲ್ಲಿ ಆರು ಬಿಂದುಗಳಿಗೆ ಒಮ್ಮತ ಮೂಡದೆ, ಬದಲಿ ಜಾಗಗಳನ್ನೂ ಜೊತೆಗೇ ಅಚ್ಚು ಹಾಕಿದ್ದಾರೆ.