ರಾಜಮಹಲ್ ಬೆಟ್ಟಗಳ ಸಸ್ಯ ಪಳೆಯುಳಿಕೆಗಳು

ಝಾರ್ಖಂಡದ ಈಶಾನ್ಯದಲ್ಲಿ ಹಬ್ಬಿರುವ ರಾಜಮಹಲ್ ಬೆಟ್ಟಗಳು, ಸುಮಾರು 11.7 ಕೋಟಿ ವರ್ಷಗಳ ಹಿಂದೆ ಮತ್ತೆ ಮತ್ತೆ ಉಕ್ಕಿ ಹರಿದ ಲಾವಾರಸವು ಪದರಪದರವಾಗಿ ಘನೀಭವಿಸಿದುದರಿಂದ ಉಂಟಾದುವು. ಒಂದು ಪ್ರವಾಹಕ್ಕೂ ಮತ್ತೊಂದಕ್ಕೂ ನಡುವಣ ದೀರ್ಘ ವಿರಾಮಗಳಲ್ಲಿ ಕೆಸರಿನಲ್ಲಿ ಹುದುಗಿದ ಎಲೆ, ಕಾಂಡ, ಬೀಜಗಳೊಳಕ್ಕೆ, ನಿಪಾನಿಯಾದಂತಹ ಎಡೆಗಳಲ್ಲಿ, ಸಿಲಿಕಾಯುಕ್ತ ಜಲವು ಇಳಿದು ಶಿಲೆಯಾಗಿ ನಿಂತುದರಿಂದ, ಜೀವಕೋಶಗಳ ಸೂಕ್ಷ್ಮ ರಚನೆಯೂ ಅಳಿಯದೆ ಉಳಿದಿದೆ. ಇಂತಹ ಶಿಲೆಗಳನ್ನು ಬೆಳಕು ಹಾಯುವಷ್ಟು ತೆಳುವಾಗಿ ಉಜ್ಜಿ ಸೂಕ್ಷ್ಮದರ್ಶಕದಡಿ ಪರೀಕ್ಷಿಸಿದ ಆಚಾರ್ಯ ಬೀರ್‌ಬಲ್ ಸಾಹ್ನಿಯವರು, ಕಾಂಡ, ಎಲೆ, ಪುಷ್ಪಗಳ ಸಂಬಂಧವನ್ನು ನಿರ್ಣಯಿಸಿ, 1932ರಲ್ಲಿ ವಿಲಿಯಮ್ಸೋನಿಯಾ ಸೀವಾರ್ಡಿಯಾನ ಎಂಬ ಸಸ್ಯದ ಪೂರ್ಣಾಕೃತಿಯನ್ನು ನಿರೂಪಿಸಿದರು. 1948ರಲ್ಲಿ ಪೆಂಟಾಕ್ಸಿಲೀ ಎಂಬ, ಅನಾವೃತಬೀಜ ಸಸ್ಯಗಳ ಲುಪ್ತವರ್ಗವೊಂದನ್ನೇ ಲೋಕಕ್ಕೆ ಪರಿಚಯಿಸಿದರು. ಅವರು 1946ರಲ್ಲಿ ಲಖನೌದಲ್ಲಿ ಸ್ಥಾಪಿಸಿದ ಪುರಾಸಸ್ಯವಿಜ್ಞಾನ ಸಂಸ್ಥೆಯು ಈ ಅಧ್ಯಯನವನ್ನು ಇಂದಿಗೂ ಮುಂದುವರಿಸುತ್ತಿದೆ.