ಕ್ರೀಡಾಧರ್ಮದ ಕ್ಷಯ

ಜಯವೊಂದೇ ಗುರಿಯಾದಲ್ಲಿ ನಿಯಮದ ಅಕ್ಷರವು ಉಳಿದು ತಾತ್ಪರ್ಯವು ಅಳಿಯುವುದೆಂಬುದಕ್ಕೆ ಕ್ರಿಕೆಟ್ಟಿನ ಇತಿಹಾಸವೇ ಸಾಕ್ಷಿಯಾಗಿರುವುದು. ಈ ವ್ಯಾಧಿಯು ನಿನ್ನೆ ಮೊನ್ನೆಯದಲ್ಲ. 1932-33ರಲ್ಲಿ ಆಸ್ಟ್ರೇಲಿಯಾಕ್ಕೆ ತೆರಳಿದ ಇಂಗ್ಲೆಂಡ್ ತಂಡದ ನಾಯಕ ಜಾರ್ಡಿನ್ ಎಂಬವರು ದಾಂಡಿಗರ ದೇಹವನ್ನೇ ಗುರಿಮಾಡಿ ಚೆಂಡೆಸೆಯಿಸಿದರು. ಅಂದಿನ ನಿಯಮಗಳಲ್ಲಿ ಅದಕ್ಕೆ ನಿಷೇಧವಿರಲಿಲ್ಲ.

ಇದಕ್ಕೆ ವ್ಯತಿರಿಕ್ತವಾದ ನಿದರ್ಶನವು 1980ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ಕಂಡುಬಂದಿತು. ಇಂಗ್ಲೆಂಡ್ ತಂಡವು 58 ರನ್ನುಗಳಿಗೆ ಐವರನ್ನು ಕಳೆದುಕೊಂಡಿದ್ದಿತು. ಆಗ ಬಾಬ್ ಟೇಲರ್ ಔಟಾದರೆಂದು ಅಂಪೈರು ತೀರ್ಪಿತ್ತರು. ಚೆಂಡು ದಾಂಡಿಗೆ ತಗಲಿಲ್ಲವೆಂದರಿತ ಭಾರತದ ನಾಯಕರು, ಭದ್ರಾವತಿಯಲ್ಲಿ ಜನಿಸಿದ ಜಿ. ಆರ್. ವಿಶ್ವನಾಥರು, ಅವರನ್ನು ಮರಳಿ ಕರೆಸಿದರು. ಟೇಲರ್ 43 ರನ್ನು ಗಳಿಸಿದರು; ಬೋಥಮರೊಡನೆ ಅವರ ಜೊತೆಯಾಟವು 171ಕ್ಕೆ ಏರಿತು. ಭಾರತವು 10 ವಿಕೆಟ್ಟುಗಳಿಂದ ಸೋತಿತು.

ವರ್ಷ ತುಂಬುವ ಮೊದಲೇ, 1981ರ ಫೆಬ್ರವರಿ 1ರಂದು, ಮೆಲ್ಬರ್ನಿನಲ್ಲಿ ನ್ಯೂಜಿಲೆಂಡಿಗೆ ಪಂದ್ಯವನ್ನು ಸಮಮಾಡಿಕೊಳ್ಳಲು ಕಡೆಯ ಚೆಂಡಿನಲ್ಲಿ 6 ರನ್ನುಗಳು ಬೇಕಾಗಿದ್ದುವು. ಆಸ್ಟ್ರೇಲಿಯಾದ ನಾಯಕ ಗ್ರೆಗ್ ಚಾಪೆಲ್ ತಮ್ಮ ಸೋದರ ಟ್ರೆವರರಿಂದ ಚೆಂಡನ್ನು ನೆಲದ ಮೇಲೆ ಉರುಳಿಸಿದರು. ನಿಯಮಭಂಗವಾಗಲಿಲ್ಲ, ಧರ್ಮಭಂಗವಾಯಿತು.

ತರುವಾಯ ಅಂತಹ ಎಸೆತವನ್ನು ನಿಷೇಧಿಸಬೇಕಾಯಿತು. 2000ದಲ್ಲಿ ನಿಯಮಾವಳಿಗೆ ಕ್ರೀಡಾಧರ್ಮವನ್ನು ಕುರಿತ ಪೀಠಿಕೆಯನ್ನೇ ಸೇರಿಸಬೇಕಾಯಿತು. ಆದರೂ 2018ರಲ್ಲಿ ಕೇಪ್‌ಟೌನಿನಲ್ಲಿ ಆಸ್ಟ್ರೇಲಿಯಾದ ಆಟಗಾರರೊಬ್ಬರು ಉಪ್ಪುಕಾಗದದಿಂದ ಚೆಂಡನ್ನು ಉಜ್ಜಿ ಕೆಡಿಸಲೆತ್ನಿಸಿದರು. ನಾಯಕ ಸ್ಮಿತ್, ಉಪನಾಯಕ ವಾರ್ನರ್ ಇಬ್ಬರಿಗೂ ಒಂದು ವರ್ಷದ ನಿಷೇಧವು ವಿಧಿಸಲ್ಪಟ್ಟಿತು.

ಬರೆದ ನಿಯಮವು ದಂಡಿಸಬಲ್ಲುದು. ವಿಶ್ವನಾಥರು ತೋರಿದ ಶೀಲವನ್ನು ಹುಟ್ಟಿಸಲಾರದು. ಅದು ಬಾಲ್ಯದಲ್ಲಿಯೇ, ಮನೆಯಲ್ಲಿಯೂ ಆಟದ ಬಯಲಿನಲ್ಲಿಯೂ, ಬೇರೂರಬೇಕಾದುದು.